"ಅರವತ್ತಕ್ಕೆ ಅರಳುಮರಳು" ಅಂತ ಬಿಟ್ಟುಬಿಡಬೇಕಾ? ಅಮ್ಮನ ಮರೆವು, 30ಕ್ಕೆ 17 ಅಂಕ

ತೋತಾಪುರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಮಾವಿನ ತೋಟ ಇದೆ. ಅಪ್ಪ ಹೋದ ಮೇಲೆ ತೋಟದ ವ್ಯವಹಾರ ಪೂರ್ತಿ ಅಮ್ಮನದೇ. ಅಮ್ಮನಿಗೆ ಈಗ 71. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಹೂವು ನೋಡಿದರೆ ಸಾಕು, ಈ ಸಲ ಎಷ್ಟು ಟನ್ ಕಾಯಿ ಅಂತ ಹೇಳಿಬಿಡುತ್ತಿದ್ದರು. ಅವರ ಹತ್ತಿರ ರೇಟು ಮಾತಾಡೋಕೆ ವ್ಯಾಪಾರಿಗಳು ಹೆದರುತ್ತಿದ್ದರು.

ಈ ಸಲ ಹೂವು ಬಿಟ್ಟಾಗ ಒಬ್ಬ ವ್ಯಾಪಾರಿಯಿಂದ ಫಸಲಿನ ಮುಂಗಡ ತಗೊಂಡರು. ಹನ್ನೆರಡು ದಿನ ಬಿಟ್ಟು ಇನ್ನೊಬ್ಬನಿಂದಲೂ ತಗೊಂಡರು. ಇಬ್ಬರೂ ಒಟ್ಟಿಗೆ ಮನೆ ಮುಂದೆ ಬಂದು ನಿಂತಾಗ ಮೊದಲನೆಯವನ ಮುಖ ನೋಡಿ "ನೀನು ಯಾವಾಗಪ್ಪಾ ಕೊಟ್ಟೆ?" ಅಂದರು. ಅದು ನಾಟಕ ಆಗಿರಲಿಲ್ಲ. ಆ ದುಡ್ಡು ಆಮೇಲೆ ಅಕ್ಕಿ ಡ್ರಮ್ಮಿನಲ್ಲಿ ಸಿಕ್ಕಿತು.

ಊರಲ್ಲಿ ಎಲ್ಲರದ್ದೂ ಒಂದೇ ಮಾತು, "ಅರವತ್ತಕ್ಕೆ ಅರಳುಮರಳು ಕಣಪ್ಪ, ಬಿಡು." ನನಗೆ ಸಮಾಧಾನ ಆಗಲಿಲ್ಲ. ಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹತ್ತು ನಿಮಿಷ ಪ್ರಶ್ನೆ ಕೇಳಿದರು. ಇವತ್ತು ಯಾವ ತಾರೀಖು? ಅಮ್ಮ "ಅಮಾವಾಸ್ಯೆ ಕಳೆದು ಮೂರು ದಿನ" ಅಂದರು. ತಪ್ಪು ಅಂತ ಬರೆದುಕೊಂಡರು. ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ, ಅಮ್ಮ ಹೇಳಿದ್ದೇ ಸರಿ! ಆಮೇಲೆ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. ಒಂದು ವಾಕ್ಯ ಬರೆಯಿರಿ ಅಂದರು. ಯಾವುದೋ ಐದು ಮೂಲೆಯ ಚಿತ್ರ ತೋರಿಸಿ ಹಾಗೇ ಬಿಡಿಸಿ ಅಂದರು. ಅಮ್ಮನಿಗೆ ಹೆಬ್ಬೆಟ್ಟು ಒತ್ತಿ ಅಭ್ಯಾಸ. ಪೆನ್ನನ್ನು ಊದುಬತ್ತಿ ಹಿಡಿದ ಹಾಗೆ ಹಿಡಿದುಕೊಂಡು ನನ್ನ ಮುಖ ನೋಡಿದರು.

30ಕ್ಕೆ 17. "ಡಿಮೆನ್ಷಿಯಾ" ಅಂತ, ಅಂದರೆ ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ ಅಂತ ಹೇಳಿ ಮಾತ್ರೆ ಬರೆದುಕೊಟ್ಟರು.

ನನ್ನ ಪ್ರಶ್ನೆ ಎರಡು. ಈ 17ಕ್ಕೆ ಏನಾದರೂ ಬೆಲೆ ಇದೆಯಾ? ಇನ್ನೊಂದು, ನಮ್ಮ ತಾಲ್ಲೂಕಿನಲ್ಲೇ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು ಇದರ ಬಗ್ಗೆ ದೊಡ್ಡ ಸಂಶೋಧನೆ ಮಾಡುತ್ತಿದ್ದಾರೆ. ಪಕ್ಕದೂರಿನ ಚಿಕ್ಕಮ್ಮ ಅದಕ್ಕೆ ಸೇರಿದ್ದಾರೆ. ಅಲ್ಲಿ ಏನು ನೋಡುತ್ತಾರೆ, ಗೊತ್ತಿದ್ದವರು ಹೇಳಿ.

ಹಳೇ ಮೇಷ್ಟ್ರು, ಚಿಂತಾಮಣಿ

ಬೇಜಾರು ಮಾಡಿಕೊಳ್ಳಬೇಡಿ ತಮ್ಮಾ. ನಮ್ಮ ಅಜ್ಜಿ ತೊಂಬತ್ತು ದಾಟಿದ್ದರು. ನನ್ನನ್ನು ನೋಡಿ ನಮ್ಮಪ್ಪನ ಹೆಸರು ಕರೆಯುತ್ತಿದ್ದರು. ನಾವು "ಹೂಂ" ಅಂತ ಓಗೊಡುತ್ತಿದ್ದೆವು, ಅಷ್ಟೇ. ಯಾರೂ ಅದಕ್ಕೆ ಇಂಗ್ಲಿಷ್ ಹೆಸರು ಇಟ್ಟಿರಲಿಲ್ಲ. ವಯಸ್ಸಾದ ಮೇಲೆ ಮರೆವು ಬರುತ್ತದೆ. ತಲೆಗೂದಲು ನೆರೆಯುತ್ತದೆ, ಅದಕ್ಕೂ ಮಾತ್ರೆ ನುಂಗುತ್ತೀರಾ?

ಧಾರವಾಡದ ಸೊಸಿ

ಮೇಷ್ಟ್ರೇ, "ಹೂಂ" ಅಂದು ಸುಮ್ಮನಿರುವುದು ಮನೆಯ ಗಂಡಸರಿಗೆ ಸುಲಭ ಬಿಡ್ರಿ. ನಿಮ್ಮ ಅಜ್ಜಿಗೆ ರಾತ್ರಿ ಎರಡು ಗಂಟೆಗೆ ಬಟ್ಟೆ ಬದಲಿಸಿದವರು ಯಾರು? ನಿಮ್ಮ ತಾಯಿಯೇ ಇರಬೇಕು. ಅವರನ್ನು ಕೇಳಿದ್ದರೆ ಬೇರೆ ಕಥೆ ಹೇಳುತ್ತಿದ್ದರು.

ನಾನು ನಮ್ಮ ಅತ್ತೆಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ವಯಸ್ಸು. ಕನ್ನಡಕ ಕೈಯಲ್ಲಿ ಹಿಡಿದು "ಇದು ಏನು ಮಾಡೋದು" ಅಂತ ಕೇಳಿದರೆ ಅದು ವಯಸ್ಸಲ್ಲ. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ. ಒಂದು ದಿನ ಹಿಟ್ಟಿನ ಮುಂದೆ ಕೂತು, ನೀರು ಮೊದಲೋ ಹಿಟ್ಟು ಮೊದಲೋ ತಿಳಿಯದೆ ಅತ್ತುಬಿಟ್ಟರು. ಎರಡು ವರ್ಷ ನಾವೂ ಅರಳುಮರಳು ಅಂತಲೇ ತಳ್ಳಿದ್ದೆವು. ಆ ಎರಡು ವರ್ಷದಲ್ಲಿ ಅವರ ಬಿಪಿ ಎಷ್ಟಿತ್ತು ಅಂತ ಯಾರೂ ನೋಡಿರಲಿಲ್ಲ. ಆಮೇಲೆ ಸ್ಕ್ಯಾನ್ ಮಾಡಿದಾಗ ಸಣ್ಣ ಸಣ್ಣ ಸ್ಟ್ರೋಕ್ ಆಗಿರುವುದು ಗೊತ್ತಾಯಿತು.

ತೋತಾಪುರಿ ಅಣ್ಣಾ, ನೀವು ಕರೆದುಕೊಂಡು ಹೋಗಿದ್ದು ಒಳ್ಳೆಯದು ಮಾಡಿದಿರಿ.

ಲ್ಯಾಬ್ ಕೋಟು

ನಾನು ಸೈಕಾಲಜಿ ಓದಿದವಳು. ಇಂಥ ಪರೀಕ್ಷೆಗಳನ್ನು ಹಳ್ಳಿಗಳಲ್ಲಿ ನಾಲ್ಕು ವರ್ಷ ಮಾಡಿಸಿದ್ದೇನೆ. ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಅಮ್ಮನಿಗೆ ಕೊಟ್ಟ 30 ಅಂಕದ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಆಸ್ಪತ್ರೆಯಲ್ಲಿ ಬೇಗ ಮುಗಿಯಲಿ ಅಂತ ಮಾಡಿದ್ದು. ಓದು ಬರಹ ಬಲ್ಲವರನ್ನೇ ಮನಸ್ಸಿನಲ್ಲಿಟ್ಟುಕೊಂಡ ಪ್ರಶ್ನೆಗಳು. ಶಾಲೆಗೆ ಹೋಗದವರು ಅದರಲ್ಲಿ ಕಳೆದುಕೊಳ್ಳುವ ಅಂಕದಲ್ಲಿ ಎಷ್ಟು ಕಾಯಿಲೆಯದು, ಎಷ್ಟು ಶಾಲೆಯದು ಅಂತ ಬೇರೆ ಮಾಡೋಕೆ ಆಗಲ್ಲ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತ ಮತ್ತು ಅಮೆರಿಕದ ತಂಡ ಸೇರಿ ಕೆಲಸ ಮಾಡಿದಾಗ ಇದೇ ತಲೆನೋವು ಬಂತು. ಅದಕ್ಕೆ ಅವರು ಪರೀಕ್ಷೆಯನ್ನೇ ಬದಲಾಯಿಸಿದರು. ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಹೇಳಿಸುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಓದಿ ಬರೆದು ಮಾಡುವುದನ್ನೆಲ್ಲ ಮಾತಿಗೆ, ಅಭಿನಯಕ್ಕೆ ಇಳಿಸಿದರು.

ಈಗ ನಮ್ಮಲ್ಲೇ ಮಾಡಿದ ಪರೀಕ್ಷೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದು ಭಾಷೆಗಳಲ್ಲಿ ಒಂದೇ ಹದದ ಪರೀಕ್ಷಾ ಕಟ್ಟು ಮಾಡಿಸಿತು. ಅದನ್ನು ಕೇಳಿ ಮಾಡಿಸಿ.

ಆದರೆ ಒಂದು ಮಾತು. ಅಂಕಕ್ಕೆ ಬೆಲೆ ಇಲ್ಲ ಅಂದ ಮಾತ್ರಕ್ಕೆ ತೊಂದರೆಯೇ ಇಲ್ಲ ಅಂತ ಅಲ್ಲ. ನನಗೆ ಭಯ ಆಗಿದ್ದು 17 ನೋಡಿ ಅಲ್ಲ, ಎರಡು ಮುಂಗಡದ ಕಥೆ ಓದಿ. ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಅದನ್ನೇ. ಇವರಿಗೆ ಮೊದಲು ಏನು ಸಲೀಸಾಗಿತ್ತು, ಈಗ ಯಾವುದು ಕೈ ತಪ್ಪುತ್ತಿದೆ, ಎಷ್ಟು ತಿಂಗಳಿಂದ? ಇದು ಇಲ್ಲದೆ ಬರೀ ಅಂಕದ ಮೇಲೆ ಡಿಮೆನ್ಷಿಯಾ ಅಂತ ಹೇಳುವ ಹಾಗಿಲ್ಲ.

ಶ್ರೀನಿವಾಸಪುರದ ವಿಷಯ. ಅದನ್ನು ಮಾಡುತ್ತಿರುವುದು ಐಐಎಸ್‌ಸಿ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. 2018ರಲ್ಲಿ ಶುರುವಾಯಿತು. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸಿಕೊಂಡು, ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡುವುದು ಗುರಿ. ರಕ್ತ, ವಂಶವಾಹಿ, ಎಂಆರ್‌ಐ, ಕಂಪ್ಯೂಟರಿನಲ್ಲಿ ನೆನಪಿನ ಪರೀಕ್ಷೆ ಎಲ್ಲ ಇದೆ. 45ಕ್ಕೇ ಯಾಕೆ ಅಂದರೆ, ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನೊಳಗೆ ಅಮೈಲಾಯ್ಡ್ ಅನ್ನುವ ಪ್ರೋಟೀನಿನ ಗಂಟು ಕಟ್ಟಲು ಶುರುವಾಗುವುದು ಮರೆವು ಹೊರಗೆ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ. ಮರೆವು ಬಂದ ಮೇಲೆ ನೋಡುವುದು ಅಂದರೆ ಕೆರೆ ಕಟ್ಟೆ ಒಡೆದ ಮೇಲೆ ಮಣ್ಣು ಹೊರಲು ಹೋದ ಹಾಗೆ.

ಅರಿಶಿನ ಹಾಲು

ಇದೆಲ್ಲ ವಿದೇಶಿ ಕಾಯಿಲೆ. ನೀವೇ ಹೇಳಿದ ಬಲ್ಲಭಗಢದಲ್ಲಿ ಅಲ್ಜೈಮರ್ ತುಂಬಾ ಕಡಿಮೆ ಸಿಕ್ಕಿತು ಅಂತ ನಾನೂ ಓದಿದ್ದೇನೆ. ಕಾರಣ ಅರಿಶಿನ! ದಿನಾ ರಾತ್ರಿ ಹಾಲಿಗೆ ಅರಿಶಿನ, ಬೆಳಗ್ಗೆ ಒಂದೆಲಗದ ಚಟ್ನಿ. ಅಮ್ಮನಿಗೆ ಕೊಟ್ಟು ನೋಡಿ.

ಲ್ಯಾಬ್ ಕೋಟು

ಒಂದೆಲಗದ ಚಟ್ನಿ ನನಗೂ ಇಷ್ಟ. ರುಚಿಗೆ ತಿನ್ನಿ.

ಬಲ್ಲಭಗಢದಲ್ಲಿ ಕಡಿಮೆ ಸಿಕ್ಕಿದ್ದು ನಿಜ. ಆದರೆ ಅರಿಶಿನದಿಂದ ಅಂತ ಆ ಅಧ್ಯಯನ ತೋರಿಸಿಲ್ಲ, ಅದನ್ನು ಆಮೇಲೆ ಜನ ಅಂಟಿಸಿದರು. ಅಲ್ಜೈಮರ್ ಬಂದವರಿಗೆ ಅರಿಶಿನದ ಸಾರ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಗುಣ ಕಂಡಿಲ್ಲ. ಇನ್ನು ವಿದೇಶಿ ಕಾಯಿಲೆ ಅನ್ನುವ ಮಾತು. 2023ರಲ್ಲಿ ಬಂದ ದೇಶವ್ಯಾಪಿ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಹಳ್ಳಿಯಲ್ಲಿ ಅರಿಶಿನಕ್ಕೆ ಬರ ಇದೆಯಾ?

ತೋತಾಪುರಿ

ಲ್ಯಾಬ್ ಕೋಟು ಮೇಡಂ, ತುಂಬಾ ಥ್ಯಾಂಕ್ಸ್. ಒಂದು ವಿಷಯ ಹೇಳೋದು ಮರೆತಿದ್ದೆ (ನನಗೂ ಶುರುವಾಯ್ತಾ ಅಂತ). ನಮ್ಮ ಮನೆಯಲ್ಲಿ ಮಾತು ತೆಲುಗು. ಊರಲ್ಲಿ, ಮಂಡಿಯಲ್ಲಿ, ಆಫೀಸಿನಲ್ಲಿ ಕನ್ನಡ. ಅಮ್ಮ ಒಂದೇ ವಾಕ್ಯದಲ್ಲಿ ಎರಡೂ ಸೇರಿಸುತ್ತಾರೆ. ಆಸ್ಪತ್ರೆಯಲ್ಲಿ ಕೇಳಿದ್ದು ಪೂರ್ತಿ ಕನ್ನಡ, ಅದೂ ಪುಸ್ತಕದ ಕನ್ನಡ. "ಪ್ರಸ್ತುತ ಋತು ಯಾವುದು" ಅಂದರು. ಅಮ್ಮ ನನ್ನ ಕಡೆ ತಿರುಗಿ "ಏಮಂಟಾಡ್ರಾ?" ಅಂದರು.

ಹೈದರಾಬಾದ್ ಕನ್ನಡಿಗ

ಕೋಲಾರದ ಕಡೆಯವರ ಎರಡು ಭಾಷೆ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಇದರ ಬಗ್ಗೆ ಹೆಸರಾದ ಸಂಶೋಧನೆ ಆಗಿದ್ದು ನಮ್ಮ ಹೈದರಾಬಾದಿನಲ್ಲೇ. ಇಲ್ಲಿನ ನಿಮ್ಸ್ ಆಸ್ಪತ್ರೆಯ ನರರೋಗ ತಜ್ಞೆ ಡಾ. ಸುವರ್ಣ ಅಲ್ಲಾಡಿ ಮತ್ತು ಜೊತೆಗಾರರು ಡಿಮೆನ್ಷಿಯಾ ಇದ್ದ 648 ಜನರ ದಾಖಲೆ ನೋಡಿದರು. ಅದರಲ್ಲಿ 391 ಜನ ಎರಡು ಅಥವಾ ಜಾಸ್ತಿ ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಿಗೆ ಕಾಯಿಲೆ ಕಾಣಿಸಿಕೊಂಡದ್ದು ನಾಲ್ಕೂವರೆ ವರ್ಷ ತಡವಾಗಿ. 2013ರಲ್ಲಿ ಪ್ರಕಟವಾಯಿತು.

ಅದಕ್ಕೂ ಮೊದಲು ಕೆನಡಾದ ಟೊರಾಂಟೊದಲ್ಲಿ ಇಂಥದ್ದೇ ಫಲ ಬಂದಿತ್ತು. ಆದರೆ ಅಲ್ಲಿ ಎರಡು ಭಾಷೆಯವರು ಬಹುಪಾಲು ವಲಸೆ ಬಂದವರು. ಭಾಷೆಯ ಗುಣವೋ ವಲಸೆಯ ಗುಣವೋ ಅಂತ ಅನುಮಾನ ಉಳಿದಿತ್ತು. ಹೈದರಾಬಾದಿನಲ್ಲಿ ತೆಲುಗು, ಉರ್ದು, ಹಿಂದಿ ಎಲ್ಲ ಹುಟ್ಟಿದೂರಿನಲ್ಲೇ ಬರುತ್ತದೆ. ಆಟೋದವನಿಗೂ ಮೂರು ಭಾಷೆ. ಅದಕ್ಕೇ ಇದಕ್ಕೆ ತೂಕ. ಶಾಲೆಗೇ ಹೋಗದವರಲ್ಲೂ ಅದೇ ವ್ಯತ್ಯಾಸ ಕಂಡಿತು. ಎರಡು ದಾಟಿ ಮೂರು ನಾಲ್ಕು ಭಾಷೆ ಬಂದರೆ ಇನ್ನೂ ಲಾಭ ಅಂತೇನೂ ಸಿಗಲಿಲ್ಲ. ಡಾ. ಸುವರ್ಣ ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು.

ನಿಮ್ಮ ಅಮ್ಮ ಮಂಡಿಯಲ್ಲಿ ಎರಡು ಭಾಷೆಯಲ್ಲಿ ಚೌಕಾಸಿ ಮಾಡಿದ್ದೆಲ್ಲ ಮಿದುಳಿಗೆ ಕಸರತ್ತೇ.

ಲ್ಯಾಬ್ ಕೋಟು

ಅದು ನನಗೂ ಇಷ್ಟದ ಸಂಶೋಧನೆ. ಆದರೂ ಸ್ವಲ್ಪ ತಣ್ಣೀರು ಹಾಕುತ್ತೇನೆ. ಅದು ಆಸ್ಪತ್ರೆಗೆ ಬಂದವರ ಹಳೇ ದಾಖಲೆ. ಯಾರು ಯಾವಾಗ ಆಸ್ಪತ್ರೆಗೆ ಬರುತ್ತಾರೆ ಅನ್ನುವುದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಆರೋಗ್ಯವಾಗಿದ್ದವರನ್ನೇ ಹಿಡಿದು ವರ್ಷಗಟ್ಟಲೆ ನೋಡಿಕೊಂಡು ಹೋದ ಅಧ್ಯಯನಗಳಲ್ಲಿ ಎರಡು ಭಾಷೆಯ ಲಾಭ ಇಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ. ಅದಕ್ಕೇ ಶ್ರೀನಿವಾಸಪುರದಂಥ ಕಡೆ ಕಾದು ನೋಡುವುದಕ್ಕೆ ಬೆಲೆ.

ಇದರ ಹಿಂದಿನ ವಿಚಾರ ಮಾತ್ರ ಗಟ್ಟಿ. ಮಿದುಳಿನ ಠೇವಣಿ ಅನ್ನೋಣ. ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರನ್ನು ಸಾಯುವವರೆಗೂ ಪರೀಕ್ಷೆ ಮಾಡುತ್ತಾ, ಸತ್ತ ಮೇಲೆ ಅವರ ಮಿದುಳನ್ನೂ ನೋಡಿದ ಅಧ್ಯಯನ ಇದೆ. ಅವರಲ್ಲಿ ಒಬ್ಬರು 101 ವರ್ಷ ಬದುಕಿದರು, ಕೊನೆಯವರೆಗೂ ಬುದ್ಧಿ ಚುರುಕು. ಆದರೆ ಮಿದುಳಿನ ತುಂಬ ಅಲ್ಜೈಮರಿನ ಗಂಟುಗಳು! ಕಾಯಿಲೆ ಇತ್ತು, ಹೊರಗೆ ಕಾಣಲಿಲ್ಲ. ಠೇವಣಿ ದೊಡ್ಡದಿತ್ತು ಅಂತ ಅರ್ಥ ಮಾಡುತ್ತಾರೆ.

ಕಿವಿಮಾತು, ಮೈಸೂರು

ನಾನು ಆಡಿಯಾಲಜಿಸ್ಟ್. ಇಷ್ಟು ಹೊತ್ತು ಓದಿದೆ, ಒಬ್ಬರೂ ಕೇಳಲಿಲ್ಲ. ತೋತಾಪುರಿಯವರೇ, ಅಮ್ಮನಿಗೆ ಕಿವಿ ಸರಿಯಾಗಿ ಕೇಳುತ್ತದಾ?

ಯಾಕೆ ಅಂದರೆ, ಮೂರು ಪದ ಹೇಳಿ ಆಮೇಲೆ ನೆನಪು ಮಾಡಿಕೊಳ್ಳಿ ಅನ್ನುವ ಪರೀಕ್ಷೆಯಲ್ಲಿ ಆ ಪದವೇ ಕಿವಿಗೆ ಬೀಳದಿದ್ದರೆ? ಎಷ್ಟೋ ಅಜ್ಜಿಯರು "ಹ್ಞಾಂ" ಅಂತ ಕೇಳಲು ನಾಚಿಕೊಂಡು ಸುಮ್ಮನೆ ತಲೆ ಆಡಿಸುತ್ತಾರೆ. ಅಂಕ ಹೋಗುತ್ತದೆ.

ಅಷ್ಟೇ ಅಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ, ನಾವು ಕೈ ಹಾಕಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅಷ್ಟನ್ನೂ ಸರಿಪಡಿಸಿದರೆ ಡಿಮೆನ್ಷಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಅಂತ ಅವರ ಅಂದಾಜು. ಬಿಪಿ, ಶುಗರ್, ಬೀಡಿ ಸಿಗರೇಟು, ಕುಡಿತ, ತಲೆಗೆ ಪೆಟ್ಟು, ಒಂಟಿತನ ಇವೆಲ್ಲ ಇವೆ. ಆದರೆ ಅತಿ ದೊಡ್ಡ ಪಾಲು ಕಿವುಡುತನ ಮತ್ತು ನಡುವಯಸ್ಸಿನ ಕೆಟ್ಟ ಕೊಲೆಸ್ಟ್ರಾಲ್, ಒಂದೊಂದಕ್ಕೂ ಶೇ 7. ಕಿವಿ ಮಷಿನ್ ಹಾಕಿದರೆ ಮರೆವು ನಿಲ್ಲುತ್ತದಾ ಅಂತ ಅಮೆರಿಕದಲ್ಲಿ 977 ಜನರ ಮೇಲೆ ಮೂರು ವರ್ಷ ನೋಡಿದರು. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸ ಬರಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ನೆನಪು, ಬುದ್ಧಿಯ ಇಳಿತ ಶೇ 48ರಷ್ಟು ನಿಧಾನವಾಯಿತು. ಪವಾಡ ಅಲ್ಲ, ಆದರೆ ಮಷಿನ್ ಹಾಕಿದರೆ ಹೇಗೂ ಮಾತು ಕೇಳುತ್ತದೆ. ಅದೇನು ಕಮ್ಮಿಯಾ?

ಹಳೇ ಮೇಷ್ಟ್ರು, ಚಿಂತಾಮಣಿ

ಆ 14ರಲ್ಲಿ ಉಳಿದವು ಯಾವುವು?

ಕಿವಿಮಾತು, ಮೈಸೂರು

ಖಿನ್ನತೆ, ದೇಹಕ್ಕೆ ಕೆಲಸ ಇಲ್ಲದಿರುವುದು, ಬೊಜ್ಜು, ಹೊಗೆ ತುಂಬಿದ ಗಾಳಿ, ಕಣ್ಣು ಮಂಜಾದರೂ ಚಿಕಿತ್ಸೆ ಕೊಡಿಸದಿರುವುದು. ಇನ್ನೊಂದು, ಚಿಕ್ಕಂದಿನಲ್ಲಿ ಶಾಲೆ ಸಿಗದಿರುವುದು.

ಹಳೇ ಮೇಷ್ಟ್ರು, ಚಿಂತಾಮಣಿ

ಕೊನೆಯದನ್ನು ಓದಿ ಸ್ವಲ್ಪ ಹೊತ್ತು ಮೊಬೈಲ್ ಪಕ್ಕಕ್ಕಿಟ್ಟೆ.

ನಾನು 1978ರಲ್ಲಿ ಕೆಲಸಕ್ಕೆ ಸೇರಿದವನು. ಒಂದನೇ ತರಗತಿಯಲ್ಲಿ ಹೆಣ್ಣುಮಕ್ಕಳು ಅರ್ಧಕ್ಕರ್ಧ ಇರುತ್ತಿದ್ದರು. ನಾಲ್ಕಕ್ಕೆ ಬರುವಷ್ಟರಲ್ಲಿ ಮೂರೋ ನಾಲ್ಕೋ. ತಮ್ಮನನ್ನು ನೋಡಿಕೊಳ್ಳಬೇಕು, ಕಡಲೆಕಾಯಿ ಬಿಡಿಸಬೇಕು, ದೊಡ್ಡವಳಾದಳು, ಹೀಗೆ ಕಾರಣಗಳು. ಮನೆಗೆ ಹೋಗಿ ಕೇಳಿದರೆ "ಓದಿ ಏನು ಮಾಡಬೇಕು ಸಾರ್" ಅನ್ನುತ್ತಿದ್ದರು. ಎರಡು ಸಲ ಕೇಳುತ್ತಿದ್ದೆ, ಮೂರನೇ ಸಲ ಹೋಗುತ್ತಿರಲಿಲ್ಲ. ಆ ಮಕ್ಕಳಿಗೆ ಈಗ ಐವತ್ತು ದಾಟಿರಬೇಕು. ಹೆಂಗಸರಲ್ಲಿ ಜಾಸ್ತಿ ಅಂತ ಬರೆದಿದ್ದೀರಲ್ಲ ಮೇಡಂ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಲ್ಯಾಬ್ ಕೋಟು

ಇದೆ ಸರ್. ಅದೊಂದೇ ಅಲ್ಲ, ಆದರೆ ಅದರ ಪಾಲು ದೊಡ್ಡದು.

ಎಡಿಸನ್ ಅಳಿಯ, ನ್ಯೂಜೆರ್ಸಿ

ಇಲ್ಲಿ ಹೊಸ ಔಷಧಿಗಳ ಗದ್ದಲ ಜೋರಾಗಿದೆ. ಊರಿನಿಂದ ದಿನಾ ಫೋನ್ ಬರುತ್ತದೆ, "ಅಲ್ಲಿ ಇಂಜೆಕ್ಷನ್ ಬಂದಿದೆಯಂತೆ, ಮಾವನಿಗೆ ಕಳಿಸು" ಅಂತ. ಅದಕ್ಕೇ ಬರೆಯುತ್ತಿದ್ದೇನೆ.

ಲೆಕನೆಮ್ಯಾಬ್ ಅಂತ ಹೆಸರು, 2023ರ ಜುಲೈನಲ್ಲಿ ಇಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಮಿದುಳಿನ ಅಮೈಲಾಯ್ಡ್ ಗಂಟು ಕರಗಿಸುತ್ತದೆ, ಅದು ನಿಜ. ಹೋದ ನೆನಪು ವಾಪಸ್ ಬರುವುದಿಲ್ಲ. ಹದಿನೆಂಟು ತಿಂಗಳಲ್ಲಿ ಇಳಿಯುವ ವೇಗ ಶೇ 27ರಷ್ಟು ಕಮ್ಮಿ ಆಯಿತು. ಕೇಳಲು ದೊಡ್ಡದು, ಆದರೆ 18 ಅಂಕದ ಅಳತೆಯಲ್ಲಿ ವ್ಯತ್ಯಾಸ ಅರ್ಧ ಅಂಕಕ್ಕೂ ಕಮ್ಮಿ, 0.45. ಮನೆಯವರ ಕಣ್ಣಿಗೆ ಅದು ಕಾಣುತ್ತದಾ ಅಂತ ಡಾಕ್ಟರುಗಳೇ ಜಗಳ ಆಡುತ್ತಿದ್ದಾರೆ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್. ಮಿದುಳಿನಲ್ಲಿ ಊತ, ರಕ್ತ ಒಸರುವುದು ಆಗಬಹುದು, ಅದಕ್ಕೆ ಪದೇ ಪದೇ ಎಂಆರ್‌ಐ. ಕಾಯಿಲೆಯ ಮೊದಲ ಹಂತದವರಿಗೆ ಮಾತ್ರ, ಅದೂ ಅಲ್ಜೈಮರ್ ಅಂತ ಖಚಿತ ಆದವರಿಗೆ. ಧಾರವಾಡದ ಅಕ್ಕ ಹೇಳಿದ ಸ್ಟ್ರೋಕಿನ ಡಿಮೆನ್ಷಿಯಾಕ್ಕೆ ಅಲ್ಲ.

ನಮ್ಮ ಮಾವ ಮೊದಲ ಹಂತ ದಾಟಿದ್ದಾರೆ. ಫೋನಿನಲ್ಲಿ ಇದನ್ನು ಹೇಗೆ ಹೇಳೋದು ಅಂತ ಇನ್ನೂ ಗೊತ್ತಾಗಿಲ್ಲ.

ಧಾರವಾಡದ ಸೊಸಿ

ಫೋನಿನಲ್ಲಿ ಹೇಳಬೇಡಿ, ಬಂದಾಗ ಹೇಳಿ. ಅಲ್ಲಿವರೆಗೆ ನಿಮ್ಮ ಅತ್ತೆಗೆ ರಾತ್ರಿ ನಿದ್ದೆ ಸಿಗುತ್ತಿದೆಯಾ ಅಂತ ಕೇಳಿ. ಆರು ವರ್ಷದಲ್ಲಿ ನನ್ನನ್ನು ಅದನ್ನು ಕೇಳಿದವರು ಇಬ್ಬರೇ. ಒಬ್ಬರು ಆಶಾ ಅಕ್ಕ, ಇನ್ನೊಬ್ಬರು ಹಾಲು ಹಾಕುವವರು.

ತೋತಾಪುರಿ

ಐದು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಮೊದಲು ಕಿವಿ. ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಿನ ಹಾಗೆ ಕೂತಿತ್ತು. ತೆಗೆಸಿದ ಮೇಲೂ ಬಲಗಿವಿ ಅರ್ಧ ಮಂದ. ಮಷಿನ್ ಹೇಳಿದ್ದಾರೆ. "ಮಂಡಿಯಲ್ಲಿ ಎಲ್ಲರೂ ಕಿವಿಗೇ ನೋಡುತ್ತಾರೆ" ಅಂತ ಅಮ್ಮನ ತಕರಾರು, ಮಾತುಕತೆ ನಡೀತಿದೆ.

ರಕ್ತದಲ್ಲಿ ಬಿ12 ತೀರಾ ಕಮ್ಮಿ ಇತ್ತು. ಥೈರಾಯ್ಡ್ ಸರಿ ಇದೆ. ಬಿ12 ಇಂಜೆಕ್ಷನ್ ಶುರುವಾಗಿದೆ. ಇದರಿಂದಲೂ ಮರೆವು ಬರುತ್ತದೆ, ಸರಿಪಡಿಸಬಹುದಾದ ಮರೆವು ಅಂತ ಡಾಕ್ಟರ್ ಹೇಳಿದಾಗ ನಾನು ಆಗಲೇ ಮನಸ್ಸಿನಲ್ಲಿ ಹೋಳಿಗೆ ಮಾಡಿಬಿಟ್ಟಿದ್ದೆ.

ಆಮೇಲೆ ಬೆಂಗಳೂರಿನಲ್ಲಿ ಸರಿಯಾದ ಪರೀಕ್ಷೆ. ಒಂದೂವರೆ ಗಂಟೆ. ತೆಲುಗು ಬರುವ ಹುಡುಗಿ ಒಬ್ಬಳು ಕೂತು ಮಾಡಿಸಿದಳು. ಅಮ್ಮ ಯಾವ ಭಾಷೆಯಲ್ಲಿ ಹೇಳಿದರೂ ಬರೆದುಕೊಂಡಳು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೋ ಹೇಳಿ ಅಂದಳು. ಹಸು, ಎಮ್ಮೆ, ಮೇಕೆ, ನಾಯಿ, ಮತ್ತೆ ಹಸು. ಅಲ್ಲಿಗೆ ನಿಂತಿತು. ಪರೀಕ್ಷೆ ಎಲ್ಲ ಮುಗಿದ ಮೇಲೆ ಆ ಹುಡುಗಿ ಸುಮ್ನೆ ಮಾತಿಗೆ "ನಿಮ್ಮ ತೋಟದಲ್ಲಿ ಯಾವ ಮಾವು ಅಜ್ಜಿ?" ಅಂದಳು. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ನೀಲಂ, ಬೇನಿಶಾ, ಸೇಂದೂರ, ಮಲಗೋವಾ, ಉಪ್ಪಿನಕಾಯಿಗೆ ಹಾಕುವ ಎರಡು ನಾಟಿ ಮರ, ಅದರಲ್ಲಿ ಒಂದು ನಮ್ಮಜ್ಜಿ ನೆಟ್ಟಿದ್ದು. ಉಸಿರು ತಗೊಳ್ಳಲಿಲ್ಲ. ಹುಡುಗಿ ನಕ್ಕು "ಇದಕ್ಕೆ ಅಂಕ ಕೊಡೋಕೆ ನನ್ನ ಹತ್ತಿರ ಕಾಲಂ ಇಲ್ಲ" ಅಂದಳು.

ಆದರೆ ಸುಳ್ಳು ಹೇಳುವುದಿಲ್ಲ. ಅದೇ ಹುಡುಗಿ ಒಂದು ಸಣ್ಣ ಕಥೆ ಹೇಳಿ, ಅರ್ಧ ಗಂಟೆ ಬಿಟ್ಟು ಕೇಳಿದಳು. ಅಮ್ಮನಿಗೆ ಒಂದು ಅಕ್ಷರ ನೆನಪಿರಲಿಲ್ಲ. ಕಥೆ ಹೇಳಿದ್ದೇ ನೆನಪಿರಲಿಲ್ಲ. ಕಿವಿ ಚೆನ್ನಾಗಿರುವ ಕಡೆ ಕೂತೇ ಹೇಳಿದ್ದಳು. ಹಳೆಯದು ಗಟ್ಟಿ, ಹೊಸದು ನಿಲ್ಲುತ್ತಿಲ್ಲ. ಡಾಕ್ಟರ್ ಈಗಲೇ ಡಿಮೆನ್ಷಿಯಾ ಅಂತ ಬರೆಯಲಿಲ್ಲ, ಏನೂ ಇಲ್ಲ ಅಂತಲೂ ಹೇಳಲಿಲ್ಲ. ಆರು ತಿಂಗಳು ಬಿ12 ಕೊಟ್ಟು, ಕಿವಿ ಸರಿ ಮಾಡಿ, ಬಿಪಿ ಹಿಡಿತದಲ್ಲಿಟ್ಟು ಮತ್ತೆ ನೋಡೋಣ ಅಂದರು. ಮೊದಲಿನ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ.

ತಂಗಿ ಹೇಳುತ್ತಾಳೆ, ತೋಟದ ವ್ಯವಹಾರ ಅಮ್ಮನ ಕೈಯಿಂದ ತಗೊಂಡುಬಿಡು ಅಂತ. ನನಗೆ ಮನಸ್ಸು ಬರುತ್ತಿಲ್ಲ. ನೀವು ಏನಂತೀರಿ?

ಲ್ಯಾಬ್ ಕೋಟು

ಪೂರ್ತಿ ತಗೋಬೇಡಿ. ದುಡ್ಡು ಕೈ ಬದಲಾಗುವ ಜಾಗದಲ್ಲಿ ಮಾತ್ರ ನೀವು ಪಕ್ಕದಲ್ಲಿರಿ. ರೇಟು ಅವರೇ ಮಾತಾಡಲಿ.

ಹಳೇ ಮೇಷ್ಟ್ರು, ಚಿಂತಾಮಣಿ

ನಿನ್ನೆ ಬಿಪಿ ನೋಡಿಸಿದೆ. 168 ಇತ್ತು. ಹತ್ತು ವರ್ಷದಿಂದ ನೋಡಿಸಿರಲಿಲ್ಲ. ನಾಳೆ ನಮ್ಮ ಮನೆಯವರನ್ನೂ ಕರೆದುಕೊಂಡು ಹೋಗುತ್ತೇನೆ, ಅವರಿಗೆ ನಾಲ್ಕನೇ ತರಗತಿವರೆಗೆ ಮಾತ್ರ ಓದು.

ತೋತಾಪುರಿ

ಸರಿ ಮೇಷ್ಟ್ರೇ, ಏನಾಯಿತು ಅಂತ ಇಲ್ಲೇ ತಿಳಿಸಿ.

ಮೇಡಂ, ನೀವು ಹೇಳಿದ ಹಾಗೇ ಮಾಡಿದೆ. ಎರಡನೇ ವ್ಯಾಪಾರಿಗೆ ದುಡ್ಡು ವಾಪಸ್ ಕೊಟ್ಟೆವು. ಮೊದಲನೆಯವನು ಬಾಕಿ ಕೊಡಲು ಬಂದಾಗ ಅಮ್ಮನನ್ನೂ ಅವನನ್ನೂ ನಾಟಿ ಮರದ ಕೆಳಗೆ ನಿಲ್ಲಿಸಿ, ನೋಟು ಕೈಯಲ್ಲಿ ಹಿಡಿಸಿ ಫೋಟೋ ತೆಗೆದೆ. ಪ್ರಿಂಟ್ ಹಾಕಿಸಿ ದೇವರ ಮನೆ ಬಾಗಿಲಿಗೆ ಅಂಟಿಸಿದ್ದೇನೆ. ಅಮ್ಮ ದಿನಾ ದೀಪ ಹಚ್ಚುವಾಗ ನೋಡುತ್ತಾರೆ. "ದೇವರ ಪಕ್ಕದಲ್ಲಿ ಈ ಕಳ್ಳನ ಫೋಟೋ ಯಾಕೋ ಹಾಕಿದೆ?" ಅಂತ ದಿನಾ ಬೈಯುತ್ತಾರೆ. ಹೇಳುತ್ತೇನೆ. "ಓ, ಕೊಟ್ಟನಾ? ಎಷ್ಟು ಕೊಟ್ಟ? ಕಮ್ಮಿ ಆಯಿತಲ್ಲೋ" ಅನ್ನುತ್ತಾರೆ.